ಅವರಿಗೆ ಕೇಳಿಸಿದ್ದು ನನಗೇಕೆ ಕೇಳಿಸುತ್ತಿಲ್ಲ?

ಪ್ರಶ್ನೆ: ನನಗೆ 27 ವರ್ಷ. ಅಮ್ಮನ ಜೊತೆ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿದ್ದೇನೆ. ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಒಬ್ಬ ಹುಡುಗನನ್ನು ತೋರಿಸಿ, 'ನೀನು ಇವನನ್ನೇ ಮದುವೆಯಾಗಬೇಕು, ಕರ್ತರು ನನಗೆ ತಿಳಿಸಿದ್ದಾರೆ' ಎಂದಿದ್ದಾರೆ. ಹುಡುಗ ಒಳ್ಳೆಯವನೇ. ಆದರೆ ಎರಡು ತಿಂಗಳಿಂದ ಉಪವಾಸವಿದ್ದು ಪ್ರಾರ್ಥಿಸಿದರೂ ನನಗೆ ಏನೂ ಕೇಳಿಸುತ್ತಿಲ್ಲ. ಬರೀ ಮೌನ. ಬೇಡ ಎಂದರೆ ದೇವರ ಚಿತ್ತ ಮೀರಿದಂತೆ ಎಂದು ಅಮ್ಮ ಅಳುತ್ತಾರೆ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ?

ಇಲ್ಲ ಮಗಳೇ. ಮೊದಲು ಆ ಭಾರ ಇಳಿಸಿಬಿಡು. ಹುಡುಗನ ಬಗ್ಗೆ ನೀನು ಒಂದೇ ಮಾತು ಬರೆದಿದ್ದೀಯ. ಉಳಿದದ್ದೆಲ್ಲ ಭಯ.

ಪ್ರತಿ ಕ್ರಿಸ್ಮಸ್‌ಗೂ ಕೇಳುವ ಕಥೆಯನ್ನೇ ನೋಡು. ನಿನಗೆ ಯೇಸು ಹುಟ್ಟುತ್ತಾನೆ ಎಂದು ಹೇಳಲು ದೇವದೂತ ಗಬ್ರಿಯೇಲ ಬಂದದ್ದು ನೇರವಾಗಿ ಕನ್ಯೆ ಮರಿಯಳ ಹತ್ತಿರ. 'ಇದು ಹೇಗಾದೀತು?' ಎಂದು ಅವಳು ಕೇಳಿದಳು. ಅವನು ಉತ್ತರ ಕೊಟ್ಟ. ಅವಳು ಆಗಲಿ ಎಂದ ಮೇಲೇ ಹೊರಟ. ಅವಳನ್ನು ಮದುವೆಯಾಗಬೇಕಿದ್ದ ಯೋಸೇಫನಿಗೂ 'ಮರಿಯಳ ಮಾತು ನಂಬಿಕೋ' ಎಂದು ಯಾರ ಕೈಲೋ ಹೇಳಿಕಳಿಸಲಿಲ್ಲ. ಅವನಿಗೇ ಕನಸು ಬಿತ್ತು. ಇಬ್ಬರ ಬದುಕು ಬದಲಾಗಬೇಕಿತ್ತು, ಇಬ್ಬರಿಗೂ ಹೇಳಲಾಯಿತು. ನಿನ್ನ ಮದುವೆಯ ಮಾತು ಮಾತ್ರ ಮೂರನೆಯವರ ಕಿವಿಯಲ್ಲೇ ಉಳಿದುಬಿಡುತ್ತದೆಯೇ?

ಆ ಹಿರಿಯರು ಸುಳ್ಳು ಹೇಳುತ್ತಿದ್ದಾರೆ ಅನ್ನುತ್ತಿಲ್ಲ. ನಿನ್ನ ಮೇಲಿನ ಅಕ್ಕರೆಗೆ ಹಾಗೆ ಕಂಡಿರಬಹುದು. ಆದರೆ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯ ತೆಗೆ. ಪ್ರವಾದಿಗಳು ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ತೂಗಿ ನೋಡಲಿ ಎಂಬ ಅರ್ಥದ ಮಾತು ಅಲ್ಲಿದೆ. ಅಮ್ಮನಿಗೂ ಓದಿ ಹೇಳು.

ತೂಗುವುದು ಹೇಗೆ ಅಂತ ಕೇಳುತ್ತೀಯ ಅಲ್ವಾ? ಇಗ್ನೇಷಿಯಸ್ ಲೊಯೋಲ ಸ್ಪೇನಿನ ಯೋಧರು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇದ್ದರು. ಹಗಲುಗನಸಿನಲ್ಲಿ ಒಮ್ಮೆ ದೊಡ್ಡ ಮನೆತನದ ಹೆಣ್ಣನ್ನು ಮೆಚ್ಚಿಸುವ ಸಾಹಸ, ಇನ್ನೊಮ್ಮೆ ಸಂತರಂತೆ ಬದುಕುವ ಆಸೆ. ಕಾಣುವಾಗ ಎರಡೂ ಹಿತವೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು. ಎರಡನೆಯದರ ಸಂತೋಷ ಹಾಗೇ ಉಳಿಯುತ್ತಿತ್ತು. ಈ ವ್ಯತ್ಯಾಸ ಅವರ ಕಣ್ಣಿಗೆ ಬಿದ್ದದ್ದು ಯಾವ ದನಿ ಕೇಳಿಸಿಯೂ ಅಲ್ಲ. ಅವರು ಕ್ಯಾಥೊಲಿಕ್ ಸಂತರು. ನಿಮ್ಮದು ಬೇರೆ ಸಭೆಯಾದರೂ ಪರವಾಗಿಲ್ಲ, ಹೀಗೆ ಗಮನಿಸುವುದು ಯಾರಿಗಾದರೂ ಆಗುವ ಕೆಲಸ.

ನೀನೂ ಮಾಡಿ ನೋಡು. ಮೂರು ದಿನ 'ಒಪ್ಪಿದ್ದೇನೆ' ಎಂದುಕೊಂಡು ಓಡಾಡು. ಇನ್ನು ಮೂರು ದಿನ 'ಬೇಡ' ಎಂದುಕೊಂಡು. ಯಾರಿಗೂ ಹೇಳಬೇಡ. ಮನೆಯಲ್ಲಿ ಗಲಾಟೆ ಜಾಸ್ತಿ ಇದ್ದರೆ ಬೆಳಗ್ಗೆ ಬಸ್ ಹಿಡಿದು ಹೋಗಿ ಲಾಲ್‌ಬಾಗ್ ಬಂಡೆಯ ಮೇಲೆ ಅರ್ಧ ಗಂಟೆ ಸುಮ್ನೆ ಕೂತುಕೋ. ಏನಾದರೂ ಕೇಳಿಸಲೇಬೇಕು ಅಂತ ಕಾಯಬೇಡ. ಎದೆ ಹಗುರಾಯಿತೋ ಬಿಗಿಯಿತೋ, ರಾತ್ರಿ ಎರಡು ಸಾಲು ಬರೆದಿಡು. ಒಂದೇ ದಿನದ ಭಯವನ್ನು ಉತ್ತರ ಅಂದುಕೊಳ್ಳಬೇಡ, ಒಳ್ಳೆಯ ಮದುವೆಗೂ ಹೆದರಿಕೆ ಇರುತ್ತದೆ. ಮನಸ್ಸು ಬತ್ತಿದ ಹೊತ್ತಿನಲ್ಲಿ ಹಿಂದಿನ ತೀರ್ಮಾನ ಬದಲಿಸಬೇಡಿ ಎಂದು ಇಗ್ನೇಷಿಯಸ್ ಎಚ್ಚರಿಸಿದ್ದಾರೆ. ನಾನು ಇನ್ನೊಂದು ಸೇರಿಸುತ್ತೇನೆ: ಅಮ್ಮ ಅತ್ತ ರಾತ್ರಿ ಹೂಂ ಅನ್ನಬೇಡ, ಊಹೂಂ ಕೂಡ ಬೇಡ.

ಹಿರಿಯರು ಅವಸರ ಮಾಡಿದರೆ, 'ಬ್ರದರ್, ನಾನಿನ್ನೂ ಪ್ರಾರ್ಥಿಸುತ್ತಿದ್ದೇನೆ, ಗಡುವು ಹಾಕಬೇಡಿ' ಎಂದು ಹೇಳು. ಶಾಪ ತಟ್ಟುತ್ತದೆ ಎಂದು ಹೆದರಿಸಿದರೆ ಆ ಕೂಟದಿಂದ ದೂರವಿರು. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಮತ್ತೆ, ಆ ಹುಡುಗನ ಜೊತೆ ಕೂತು ಮಾತಾಡು. ಕೆಲಸ, ಸಾಲ, ಮದುವೆಯಾದ ಮೇಲೆ ನಿನ್ನ ಅಮ್ಮ ಎಲ್ಲಿರಬೇಕು, ಎಲ್ಲ ಕೇಳು. ಅವನಿಗೇನು ಅನಿಸಿದೆ ಎಂದು ಇಲ್ಲಿವರೆಗೆ ಯಾರಾದರೂ ಕೇಳಿದ್ದಾರಾ?