ಸೊಲೆನಾಯ್ಡಿನ ಸೂತ್ರದಲ್ಲಿ ಸುರುಳಿಯ ವ್ಯಾಸ ಏಕಿಲ್ಲ?

ಪ್ರಶ್ನೆ: ಪಿವಿಸಿ ಕೊಳವೆಯ ಮೇಲೆ 20 ಸೆಂ.ಮೀ. ಉದ್ದಕ್ಕೆ ಎನಾಮಲ್ ಲೇಪಿತ ತಾಮ್ರದ ತಂತಿಯನ್ನು ಒಂದೇ ಪದರದಲ್ಲಿ 400 ಸುತ್ತು ಸುತ್ತಿ ಸೊಲೆನಾಯ್ಡ್ ಮಾಡಿದ್ದೇನೆ. ಸುರುಳಿಯ ವ್ಯಾಸ 4 ಸೆಂ.ಮೀ. ಆರಂಭದಲ್ಲಿ 2 ಆಂಪಿಯರ್ ಹರಿಯುವಂತೆ ವೋಲ್ಟೇಜನ್ನು ಹೊಂದಿಸಿಟ್ಟು, ಸ್ವಲ್ಪ ಹೊತ್ತಿನ ನಂತರ ಕಾಲೇಜಿನ ಗಾಸ್‌ಮೀಟರಿನಿಂದ ಕಾಂತಕ್ಷೇತ್ರವನ್ನು ಅಳೆದಾಗ ನಡುವೆ 4.6 ಮಿಲಿಟೆಸ್ಲಾ, ತುದಿಯಲ್ಲಿ 2.3 ಮಿಲಿಟೆಸ್ಲಾ ಬಂದಿತು. ಪಠ್ಯಪುಸ್ತಕದ ಸೂತ್ರ ಕೊಡುವುದು 5.03. ಸೂತ್ರದಲ್ಲಿ ವ್ಯಾಸವೇ ಇಲ್ಲದಿರುವುದು ಈ ವ್ಯತ್ಯಾಸಕ್ಕೆ ಕಾರಣವೇ? ಒಳಗೆ ಮೆದು ಕಬ್ಬಿಣದ ಸರಳನ್ನು ಇಟ್ಟರೆ ಕ್ಷೇತ್ರ ಸಾವಿರ ಪಟ್ಟು ಹೆಚ್ಚುವುದೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ಅಳತೆಗಳು ಚೆನ್ನಾಗಿಯೇ ಇವೆ. ವ್ಯಾಸದ ಬಗೆಗಿನ ನಿಮ್ಮ ಅನುಮಾನದಲ್ಲೂ ಸ್ವಲ್ಪ ನಿಜವಿದೆ, ಆದರೆ ವ್ಯತ್ಯಾಸದ ದೊಡ್ಡ ಪಾಲು ಬೇರೆಡೆಯಿಂದ ಬಂದಿದೆ.

ಬಹಳ ಉದ್ದವಾದ ಸೊಲೆನಾಯ್ಡಿನ ಒಳಗಿನ ಕ್ಷೇತ್ರವನ್ನು ಆಂಪಿಯರನ ನಿಯಮದಿಂದ ಪಡೆಯುತ್ತೇವೆ. ಒಂದು ಬದಿ ಸುರುಳಿಯ ಒಳಗೆ ಅಕ್ಷಕ್ಕೆ ಸಮಾಂತರವಾಗಿಯೂ ಎದುರು ಬದಿ ಹೊರಗೂ ಇರುವಂತೆ ಒಂದು ಆಯತವನ್ನು ಕಲ್ಪಿಸಿಕೊಳ್ಳಿ. ಹೊರಗೆ ಕ್ಷೇತ್ರ ಸೊನ್ನೆ, ಅಡ್ಡ ಬದಿಗಳು ಕ್ಷೇತ್ರಕ್ಕೆ ಲಂಬವಾಗಿರುವುದರಿಂದ ಅವುಗಳ ಕೊಡುಗೆಯೂ ಸೊನ್ನೆ. ಉಳಿಯುವುದು ಒಳಬದಿ ಮಾತ್ರ. ಕ್ಷೇತ್ರವನ್ನು ಆ ಬದಿಯ ಉದ್ದದಿಂದ ಗುಣಿಸಿದರೆ ಬರುವುದು, ಆಯತದ ಮೂಲಕ ಹಾಯುವ ಒಟ್ಟು ಪ್ರವಾಹವನ್ನು ನಿರ್ವಾತದ ಪರ್ಮಿಯಬಿಲಿಟಿಯಾದ 4ಪೈ × 10⁻⁷ರಿಂದ ಗುಣಿಸಿದಷ್ಟೇ. ಉದ್ದ ಎರಡೂ ಕಡೆ ಹೊಡೆದುಹೋಗಿ, ಮೀಟರಿಗೆ ಎಷ್ಟು ಸುತ್ತು, ಎಷ್ಟು ಪ್ರವಾಹ ಎಂಬ ಎರಡೇ ಸಂಗತಿಗಳು ಉಳಿಯುತ್ತವೆ. ನಿಮ್ಮಲ್ಲಿ ಮೀಟರಿಗೆ 2000 ಸುತ್ತು, 2 ಆಂಪಿಯರ್; ಆದ್ದರಿಂದ 5.03 ಮಿಲಿಟೆಸ್ಲಾ.

ಗಣಿತ ಹೀಗೆ ಸುಲಭವಾಗಿ ಮುಗಿದರೂ ವ್ಯಾಸ ಎಲ್ಲಿ ಮಾಯವಾಯಿತು ಎಂಬುದು ಅದರಿಂದ ಕಾಣುವುದಿಲ್ಲ. ಒಂದೊಂದೇ ಸುತ್ತನ್ನು ನೋಡಿದರೆ ಅದು ತಿಳಿಯುತ್ತದೆ. ಸುತ್ತು ದೊಡ್ಡದಾದಷ್ಟೂ ಅದರ ಕೇಂದ್ರದಲ್ಲಿ ಅದು ಉಂಟುಮಾಡುವ ಕ್ಷೇತ್ರ ತ್ರಿಜ್ಯಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಆದರೆ ಆ ಕ್ಷೇತ್ರ ಅಕ್ಷದುದ್ದಕ್ಕೂ ಹರಡುವ ದೂರ ತ್ರಿಜ್ಯದ ಅನುಪಾತದಲ್ಲಿಯೇ ಹಿಗ್ಗುವುದರಿಂದ, ಒಂದು ಬಿಂದುವಿನಲ್ಲಿ ಹೆಚ್ಚು ಸುತ್ತುಗಳ ಪ್ರಭಾವ ಸೇರುತ್ತದೆ. ಈ ನಷ್ಟ, ಆ ಲಾಭ ಎರಡೂ ಸರಿಸಮ. ಆದರೆ ಹೀಗೆ ಸರಿತೂಗಬೇಕಾದರೆ ಸೇರಲು ಎರಡೂ ಕಡೆ ಸಾಕಷ್ಟು ಸುತ್ತುಗಳಿರಬೇಕು. ಸುರುಳಿಯ ಉದ್ದ ಕಡಿಮೆಯಾದಾಗ ವ್ಯಾಸ ಮತ್ತೆ ಲೆಕ್ಕಕ್ಕೆ ಬರುತ್ತದೆ. ಆಗ ನಡುವಿನ ಕ್ಷೇತ್ರವನ್ನು ಪಡೆಯಲು, ಉದ್ದದ ವರ್ಗ ಮತ್ತು ವ್ಯಾಸದ ವರ್ಗಗಳ ಮೊತ್ತದ ವರ್ಗಮೂಲದಿಂದ ಉದ್ದವನ್ನು ಭಾಗಿಸಿ, ಬಂದ ಸಂಖ್ಯೆಯಿಂದ ಪಠ್ಯದ ಉತ್ತರವನ್ನು ಗುಣಿಸಬೇಕು. ನಿಮ್ಮ ಸುರುಳಿಗೆ ಆ ಸಂಖ್ಯೆ 0.98, ಅಂದರೆ 4.93 ಮಿಲಿಟೆಸ್ಲಾ. ಉದ್ದವೂ 4 ಸೆಂ.ಮೀ. ಮಾತ್ರ ಇದ್ದಿದ್ದರೆ ಅದು 0.71ಕ್ಕೆ ಇಳಿಯುತ್ತಿತ್ತು, ಪಠ್ಯದ ಸೂತ್ರ ಬಳಸುವಂತೆಯೇ ಇರಲಿಲ್ಲ.

ಹಾಗಾದರೆ 4.93 ಬರಬೇಕಾದಲ್ಲಿ 4.6 ಏಕೆ ಬಂದಿತು? ಸುರುಳಿಯನ್ನು ಮುಟ್ಟಿ ನೋಡಿದ್ದರೆ ಉತ್ತರ ಸಿಗುತ್ತಿತ್ತು. 20 ಸೆಂ.ಮೀ.ನಲ್ಲಿ 400 ಸುತ್ತು ಕೂರಬೇಕಾದರೆ ಲೇಪವೂ ಸೇರಿ ತಂತಿ ಅರ್ಧ ಮಿಲಿಮೀಟರ್ ದಪ್ಪವಿರಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯವರು 26 ಗೇಜ್ ಎನ್ನುವ ತಂತಿ ಅದು. ಅದರ ಒಟ್ಟು ಉದ್ದ ಸುಮಾರು 50 ಮೀಟರ್, ರೋಧ 5 ಓಮ್‌ಗಿಂತ ತುಸು ಹೆಚ್ಚು, 2 ಆಂಪಿಯರಿಗೆ ಹುಟ್ಟುವ ಶಾಖ 21 ವ್ಯಾಟ್. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತಾಮ್ರದ ರೋಧ ಶೇ 0.4ರಷ್ಟು ಏರುವುದರಿಂದ, ತಂತಿ ಬರೀ 18 ಡಿಗ್ರಿ ಬಿಸಿಯಾದರೂ ಅದೇ ವೋಲ್ಟೇಜಿನಲ್ಲಿ ಪ್ರವಾಹ ಸುಮಾರು ಶೇ 7 ಕಡಿಮೆಯಾಗುತ್ತದೆ. ನಿಮ್ಮ ಕೊರತೆಯೂ ಸುಮಾರು ಅಷ್ಟೇ. ಆಮ್ಮೀಟರನ್ನು ಸರಣಿಯಲ್ಲಿಯೇ ಬಿಟ್ಟು, ಗಾಸ್‌ಮೀಟರನ್ನು ಓದುವ ಕ್ಷಣದ ಪ್ರವಾಹವನ್ನೇ ಲೆಕ್ಕಕ್ಕೆ ಹಿಡಿಯಿರಿ.

ತುದಿಯಲ್ಲಿ ಅರ್ಧ ಬಂದಿರುವುದು ಸರಿಯೇ. ಉದ್ದನೆಯ ಸೊಲೆನಾಯ್ಡನ್ನು ನಡುವೆ ಕತ್ತರಿಸಿದಿರೆಂದು ಭಾವಿಸಿ. ಕತ್ತರಿಸುವ ಮೊದಲು ಅಲ್ಲಿದ್ದ ಕ್ಷೇತ್ರಕ್ಕೆ ಎಡ, ಬಲ ಭಾಗಗಳೆರಡೂ ಸಮಪಾಲು ಕೊಡುತ್ತಿದ್ದವು. ಒಂದನ್ನು ತೆಗೆದರೆ ಉಳಿಯುವುದು ಅರ್ಧ. ಆದರೆ ಬಾಯಿಯ ಬಳಿ ಕ್ಷೇತ್ರ ಬಹಳ ಬೇಗ ಬದಲಾಗುತ್ತದೆ. ಪೂರ್ಣ 2 ಆಂಪಿಯರ್ ಇದ್ದಾಗ ಅಕ್ಷದ ಮೇಲೆ 2 ಸೆಂ.ಮೀ. ಒಳಗೆ 4.27, ಬಾಯಿಯಲ್ಲಿ 2.5, 2 ಸೆಂ.ಮೀ. ಹೊರಗೆ 0.73 ಮಿಲಿಟೆಸ್ಲಾ. ಪ್ರೋಬ್ ಒಂದು ಮಿಲಿಮೀಟರ್ ಆಚೀಚೆಯಾದರೂ ಶೇ 5 ವ್ಯತ್ಯಾಸವಾಗುವ ಜಾಗ ಅದು.

ಇನ್ನು ಕಬ್ಬಿಣದ ಸರಳು. ಸಾವಿರ ಪಟ್ಟು ಎಂದರೆ 5 ಟೆಸ್ಲಾ ಆಯಿತು. ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದೇ 1.5 ಅಥವಾ 3 ಟೆಸ್ಲಾ, ಅದೂ ಅತಿವಾಹಕ ತಂತಿಯ ಸುರುಳಿಗಳಿಂದ. ಕಬ್ಬಿಣವಂತೂ 2 ಟೆಸ್ಲಾದ ಸುಮಾರಿಗೇ ಪರ್ಯಾಪ್ತವಾಗುತ್ತದೆ, ಅಂದರೆ ಅದಕ್ಕಿಂತ ಹೆಚ್ಚು ಕಾಂತವಾಗಲಾರದು. ನಿಮ್ಮ ಸರಳು ಆ ಮಿತಿಯ ಹತ್ತಿರವೂ ಹೋಗದು, ಏಕೆಂದರೆ ಅದರ ಎರಡು ತುದಿಗಳಲ್ಲಿ ಮೂಡುವ ಧ್ರುವಗಳು ಸರಳಿನೊಳಗೆ ಎದುರು ದಿಕ್ಕಿನ ಕ್ಷೇತ್ರವನ್ನು ಹುಟ್ಟಿಸಿ ಸುರುಳಿಯ ಪ್ರಯತ್ನವನ್ನು ಬಹುಮಟ್ಟಿಗೆ ಕೆಡಿಸುತ್ತವೆ. ಸಾವಿರ ಪಟ್ಟಿನ ಲೆಕ್ಕ ನಡೆಯುವುದು ತುದಿಯೇ ಇಲ್ಲದ ಉಂಗುರಾಕಾರದ ತಿರುಳಿನಲ್ಲಿ, ಅದೂ ಪರ್ಯಾಪ್ತತೆಗೆ ಮುಂಚೆ. ಉದ್ದ ವ್ಯಾಸದ ಐದು ಪಟ್ಟಿರುವ, ಕೊಳವೆ ತುಂಬುವಂಥ ಸರಳಿನಲ್ಲಿ ಹೆಚ್ಚಳ ಇಪ್ಪತ್ತು ಪಟ್ಟಿನ ಆಸುಪಾಸು, ಅಂದರೆ 0.1 ಟೆಸ್ಲಾದಷ್ಟು. ಅದೇ ಉದ್ದದ, ಆದರೆ ತೆಳುವಾದ ಸರಳನ್ನು ಆರಿಸಿದರೆ ಧ್ರುವಗಳು ನಡುವಿನಿಂದ ಹೋಲಿಕೆಯಲ್ಲಿ ದೂರವಾಗುವುದರಿಂದ ಸರಳಿನೊಳಗಿನ ಕ್ಷೇತ್ರ ಇನ್ನೂ ಹೆಚ್ಚುತ್ತದೆ.