ಯೋನನ ಪಾಠ ಮೂರನೆಯ ಅಧ್ಯಾಯಕ್ಕೆ ಮುಗಿಯುವುದಿಲ್ಲ

(ಪತ್ರದ ಸಾರ: ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಯೋನನ ಪಾಠ ಮಾಡುತ್ತೇನೆ. ನಿನೆವೆಯವರು ಪಶ್ಚಾತ್ತಾಪಪಟ್ಟ ಮೂರನೆಯ ಅಧ್ಯಾಯಕ್ಕೆ ನಿಲ್ಲಿಸಿ, ದೇವರ ಮಾತು ಮೀರಿದರೆ ಏನಾಗುತ್ತದೆ ನೋಡಿ ಎಂದು ನೀತಿ ಹೇಳುತ್ತೇನೆ. ನಾಲ್ಕನೆಯ ಅಧ್ಯಾಯ ಅರ್ಧಕ್ಕೇ ನಿಂತಂತಿದೆ, ಮಕ್ಕಳಿಗೆ ಗೊಂದಲ. ಅವರು ಕೇಳುವುದೆಲ್ಲ ಮೀನಿನ ವಿಷಯ. ಆ ಸೋರೆಗಿಡ ಯಾವುದು? ನನ್ನ ಕ್ರಮ ಸರಿಯೇ?)

ಪ್ರಿಯ ಸಹೋದರಿಯವರೇ,

ಕ್ರಮ ಬದಲಿಸಿ ಎಂದೇ ಹೇಳಬೇಕಾಗಿದೆ. (ಕಥೆ ಗೊತ್ತಿಲ್ಲದ ಓದುಗರಿಗೆ: ಬೈಬಲಿನ ಪ್ರವಾದಿ ಯೋನನನ್ನು ದೇವರು ಶತ್ರುಗಳಾದ ಅಸ್ಸೀರಿಯದವರ ನಿನೆವೆ ಪಟ್ಟಣಕ್ಕೆ ನಾಶದ ಎಚ್ಚರಿಕೆ ಸಾರಲು ಕಳಿಸಿದ. ಅವನು ಹಡಗು ಹತ್ತಿ ಬೇರೆಡೆಗೆ ಓಡಿದ. ಬಿರುಗಾಳಿ ಎದ್ದು ನಾವಿಕರು ಕೊನೆಗೆ ಅವನನ್ನು ಸಮುದ್ರಕ್ಕೆ ಎಸೆದಾಗ ದೊಡ್ಡ ಮೀನೊಂದು ನುಂಗಿ, ಮೂರು ದಿನದ ಮೇಲೆ ದಡಕ್ಕೆ ಕಕ್ಕಿತು.) ಮೂರಕ್ಕೆ ನಿಲ್ಲಿಸಿದರೆ ಯೋನನು ತಪ್ಪು ಮಾಡಿ, ಪೆಟ್ಟು ತಿಂದು, ಬುದ್ಧಿ ಕಲಿತವನಾಗುತ್ತಾನೆ. ಪುಸ್ತಕದ ಯೋನ ಬುದ್ಧಿ ಕಲಿಯಲಿಲ್ಲ. ಹೋದ, ಸಾರಿದ, ಊರು ಉಳಿಯಿತು. ಆಗ ಅವನಿಗೆ ಸಿಟ್ಟು ನೆತ್ತಿಗೇರಿತು. ಮೊದಲು ಓಡಿಹೋದದ್ದು ಯಾಕೆ ಎಂಬುದನ್ನೂ ಕಥೆ ಅಲ್ಲಿಯತನಕ ಮುಚ್ಚಿಟ್ಟು 4:2ರಲ್ಲಿ ಬಾಯಿಬಿಡಿಸುತ್ತದೆ: ನೀನು ಕನಿಕರವುಳ್ಳವನು, ಬೇಗ ಸಿಟ್ಟಾಗುವವನಲ್ಲ ಎಂದು ಗೊತ್ತಿದ್ದೇ ಓಡಿದೆ. ಈ ಮಾತು ವಿಮೋಚನಕಾಂಡ 34:6ರದ್ದು, ಇಸ್ರಾಯೇಲರು ಸ್ತುತಿಗೆ ಬಳಸುತ್ತಿದ್ದದ್ದು. ಯೋನ ಅದನ್ನೇ ದೂರಿನ ಮಾತಾಗಿ ಎತ್ತಿ ಆಡುತ್ತಾನೆ. ಅವನ ದೇವಜ್ಞಾನದಲ್ಲಿ ಒಂದಕ್ಷರ ತಪ್ಪಿಲ್ಲ. ತನ್ನವರ ಮೇಲಿದ್ದ ಕೃಪೆ ಶತ್ರುಗಳ ಮೇಲೂ ಇಳಿಯಿತಲ್ಲ ಎಂಬುದೇ ಅವನ ಸಂಕಟ.

ಆ ಸಂಕಟ ಮಕ್ಕಳಿಗೆ ತಟ್ಟಬೇಕಾದರೆ ನಿನೆವೆ ಎಂಥದು ಎಂದು ತಿಳಿದಿರಬೇಕು. ಇಂದಿನ ಇರಾಕಿನ ಮೊಸುಲ್ ನಗರದಲ್ಲಿ, ಟೈಗ್ರಿಸ್ ನದಿಯ ಪೂರ್ವ ದಡದಲ್ಲಿ ಅದರ ದಿಬ್ಬಗಳಿವೆ. ಅಲ್ಲಿನ ಅರಮನೆಯ ಗೋಡೆಗಳಲ್ಲಿ ಅಸ್ಸೀರಿಯದ ಅರಸ ಸನ್ಹೇರೀಬನು ಕೆತ್ತಿಸಿದ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಕ್ರಿ.ಪೂ. 701ರಲ್ಲಿ ಯೆಹೂದದ ಲಾಕೀಷ್ ಪಟ್ಟಣವನ್ನು ಹಿಡಿದ ಚಿತ್ರ. ಒಂದೆಡೆ ಶೂಲಕ್ಕೇರಿಸಿದ ಗಂಡಸರು, ಇನ್ನೊಂದೆಡೆ ಗಂಟುಮೂಟೆ ಹೇರಿದ ಎತ್ತಿನ ಗಾಡಿಯ ಮೇಲೆ ಊರು ಬಿಟ್ಟು ಹೊರಟ ಹೆಂಗಸರು, ಮಕ್ಕಳು. ಗಾಡಿಯ ಚಿತ್ರ ತೋರಿಸಿ, ಶೂಲದ್ದು ಬೇಡ. 2 ಅರಸುಗಳು 14:25ರ ಪ್ರಕಾರ ಯೋನ ಇಸ್ರಾಯೇಲಿನ ಅರಸ ಎರಡನೆಯ ಯಾರೊಬ್ಬಾಮನ ಕಾಲದವನು, ಇದಕ್ಕಿಂತ ಹಿಂದಿನವನು ನಿಜ. ಆದರೆ ತಲೆತಲಾಂತರ ಈ ಪುಸ್ತಕ ಓದಿದ ಯೆಹೂದ್ಯರಿಗೆ ಲಾಕೀಷೂ ಗೊತ್ತಿತ್ತು, ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯದವರ ಕೈಗೆ ಬಿದ್ದ ಇಸ್ರಾಯೇಲಿನ ರಾಜಧಾನಿ ಸಮಾರ್ಯವೂ ಗೊತ್ತಿತ್ತು.

ಇನ್ನು ಮೀನು. ಪುಸ್ತಕದಲ್ಲಿ ಒಟ್ಟು 48 ವಚನ, ಮೀನು ಬರುವುದು ಮೂರರಲ್ಲಿ: 1:17, 2:1, 2:10. ಹೀಬ್ರುವಿನಲ್ಲಿ ‘ದಾಗ್ ಗಾದೋಲ್’, ದೊಡ್ಡ ಮೀನು ಅಷ್ಟೇ. ತಿಮಿಂಗಿಲ ನಾವು ಸೇರಿಸಿಕೊಂಡದ್ದು. ಹೊಟ್ಟೆಯೊಳಗೆ ಮೂರು ದಿನ ಬದುಕುವುದು ಹೇಗೆ ಎಂದು ಮಕ್ಕಳು ಕೇಳಿದರೆ ಮೀನಿನ ಜಾತಿ ಹುಡುಕಲು ಹೋಗಬೇಡಿ. ನಡೆದ ಘಟನೆ ಎನ್ನುವವರೂ ಸಾಮತಿ (ನೀತಿ ತಿಳಿಸಲು ಹೇಳಿದ ಕಥೆ) ಎನ್ನುವವರೂ ವಿಶ್ವಾಸಿಗಳಲ್ಲೇ ಇದ್ದಾರೆ ಎಂದು ಹೇಳಿ ಮುಂದೆ ಸಾಗಿ. ಆದರೆ ಒಂದನ್ನು ತಿದ್ದಲೇಬೇಕು: ಮೀನು ಶಿಕ್ಷೆಯಲ್ಲ. ಮುಳುಗುತ್ತಿದ್ದವನನ್ನು ಉಳಿಸಿದ್ದೇ ಅದು. ಎರಡನೆಯ ಅಧ್ಯಾಯದ ಪ್ರಾರ್ಥನೆಯನ್ನು ಮಕ್ಕಳಿಂದಲೇ ಓದಿಸಿ, ‘ಕ್ಷಮಿಸು’ ಎಂಬ ಮಾತು ಎಲ್ಲಿದೆ ಹುಡುಕಿ ಎನ್ನಿ. ಸಿಗುವುದಿಲ್ಲ. ಬದುಕಿಸಿದ್ದಕ್ಕೆ ಸ್ತೋತ್ರವಿದೆ, ಜೊತೆಗೆ 2:8ರಲ್ಲಿ ವಿಗ್ರಹ ಪೂಜಿಸುವವರಿಗೆ ಒಂದು ಕುಟುಕು. ತಂತಮ್ಮ ದೇವರುಗಳಿಗೆ ಮೊರೆಯಿಟ್ಟ ನಾವಿಕರು ತಮ್ಮ ಜೀವ ಪಣಕ್ಕಿಟ್ಟು ಇವನನ್ನು ಉಳಿಸಲೆಂದು ದಡದ ಕಡೆಗೆ ಹುಟ್ಟು ಹಾಕಿದ್ದು 1:13ರಲ್ಲಿದೆ. ಎರಡೂ ವಚನಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು ಸುಮ್ಮನಿರಿ, ಯಾರಾದರೊಬ್ಬ ಹುಡುಗ ಕಂಡುಹಿಡಿಯುತ್ತಾನೆ.

ಇನ್ನು ಸೋರೆಗಿಡ. ನಾಲ್ಕನೆಯ ಅಧ್ಯಾಯದಲ್ಲಿ ಊರ ಹೊರಗೆ ಕೂತ ಯೋನನಿಗೆ ದೇವರು ನೆರಳಿಗೆಂದು ಬೆಳೆಸಿ, ಮರುದಿನ ಹುಳದಿಂದ ಒಣಗಿಸಿದ ಗಿಡ ಅದು. ಅದರ ಹೀಬ್ರು ಹೆಸರು ‘ಕೀಕಾಯೋನ್’. ಅದು ಯಾವುದೆಂಬ ಜಗಳ ಹಳೆಯದು. ಪ್ರಾಚೀನ ಕ್ರೈಸ್ತ ಪಂಡಿತ ಜೆರೋಮನು ತನ್ನ ಲ್ಯಾಟಿನ್ ಬೈಬಲ್ ಅನುವಾದದಲ್ಲಿ ಸೋರೆಯನ್ನು ಕೈಬಿಟ್ಟು ಐವಿ ಬಳ್ಳಿ ಎಂದು ಬರೆದ. ಇಂದಿನ ಲಿಬಿಯಾದ ಟ್ರಿಪೊಲಿಯಲ್ಲಿ ಬಿಷಪರು ಅದನ್ನು ಓದಿಸಿದಾಗ, ಚಿಕ್ಕಂದಿನಿಂದ ಕೇಳಿದ ಮಾತು ಬದಲಾಯಿತೆಂದು ಸಭೆಯಲ್ಲಿ ಗಲಾಟೆಯೇ ಎದ್ದಿತು. ಹಾಗೆಂದು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನು ಕ್ರಿ.ಶ. 403ರಲ್ಲಿ ಜೆರೋಮನಿಗೆ ಬರೆದ. (ಸಂಪಾದಕರಿಗೆ ಬರುವ ಕೋಪದ ಪತ್ರಗಳು ಹೊಸದಲ್ಲ.) ಕುರಾನಿನಲ್ಲಿ ಯೂನುಸರ (ಯೋನನ ಅರಬ್ಬಿ ಹೆಸರು) ಮೇಲೆ ಬೆಳೆಯುವುದೂ ಸೋರೆ ಜಾತಿಯ ಬಳ್ಳಿಯೇ, 37:146. ಇಂದು ಹಲವು ಪಂಡಿತರು ಒಪ್ಪುವುದು ನಮ್ಮ ಹರಳು ಗಿಡವನ್ನು, ಉತ್ತರ ಕರ್ನಾಟಕದವರ ಔಡಲವನ್ನು. ಬೇಗ ಬೆಳೆಯುತ್ತದೆ, ಅಂಗೈ ಬಿಡಿಸಿದಂಥ ಅಗಲ ಎಲೆ, ಟೊಳ್ಳು ಕಾಂಡ; ಹುಳು ಬಿದ್ದರೆ ಎಲೆಯಲ್ಲಿ ನರಗಳಷ್ಟೇ ಉಳಿಯುತ್ತವೆ. ತರಗತಿಗೆ ಒಂದು ಎಲೆ ಕಿತ್ತು ತಂದು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಪಾಠ ನಡೆಯುತ್ತಿದ್ದಂತೆ ಬಾಡತೊಡಗುತ್ತದೆ.

ನಾಲ್ಕು ಭಾನುವಾರ ತೆಗೆದುಕೊಳ್ಳಿ, ವಾರಕ್ಕೊಂದು ಅಧ್ಯಾಯ. ಸಾಮಾನ್ಯವಾಗಿ ಎಡವುವುದು ಎರಡನೆಯ ವಾರ: ಮೀನಿನ ಚಿತ್ರ ಬಿಡಿಸುವುದು, ಬಣ್ಣ ಹಚ್ಚುವುದರಲ್ಲೇ ಎರಡು ಭಾನುವಾರ ಕಳೆದು, ಕೊನೆಯ ಅಧ್ಯಾಯಕ್ಕೆ ಐದು ನಿಮಿಷವೂ ಉಳಿಯುವುದಿಲ್ಲ. ಮೂರನೆಯ ವಾರ ಯೋನನ ಪ್ರಸಂಗ ಎಷ್ಟುದ್ದ ಎಂದು ಎಣಿಸಲಿ. ಹೀಬ್ರುವಿನಲ್ಲಿ ಬರೀ ಐದು ಪದ. ಮನಸ್ಸಿಲ್ಲದವನ ಪ್ರಸಂಗ. ಅಷ್ಟಕ್ಕೇ ಅರಸನು ಬೂದಿಯಲ್ಲಿ ಕೂತ, ದನಕರುಗಳಿಗೂ ಗೋಣಿತಟ್ಟು ಹೊದಿಸಿದರು. ಇಲ್ಲಿ ಮಕ್ಕಳು ನಗುತ್ತಾರೆ, ನಗಲಿ.

ನಾಲ್ಕನೆಯ ವಾರ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಯಾರಿಗೆ ಒಳ್ಳೆಯದಾದರೆ ತನಗೆ ಹೊಟ್ಟೆ ಉರಿಯುತ್ತದೋ ಅವರ ಹೆಸರು ಬರೆದು ಮಡಚಿ ಜೇಬಿನಲ್ಲಿಟ್ಟುಕೊಳ್ಳಲಿ. ನೀವು ಕೇಳಬೇಡಿ, ನೋಡಬೇಡಿ, ಕ್ಷಮಿಸು ಎಂದು ಒತ್ತಾಯಿಸಬೇಡಿ. ಮನೆಯಲ್ಲೋ ಶಾಲೆಯಲ್ಲೋ ನಿಜವಾಗಿ ಪೆಟ್ಟು ತಿಂದ ಮಗುವೂ ಅಲ್ಲಿರಬಹುದು. ದೇವರು ಯೋನನನ್ನು ಗದರಿಸಿದ್ದೂ ಇಲ್ಲ: 4:4ರಲ್ಲಿ ಒಂದು, 4:9ರಲ್ಲಿ ಒಂದು, ಕೊನೆಗೆ 4:11ರಲ್ಲಿ ಒಂದು, ಹೀಗೆ ಮೂರು ಪ್ರಶ್ನೆ ಕೇಳುತ್ತಾನೆ. ನೀನು ನೆಡದ ಗಿಡಕ್ಕಾಗಿ ಮರುಗಿದೆ. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ, ಇಷ್ಟೊಂದು ದನಕರು ಇರುವ ಊರಿಗಾಗಿ ನಾನು ಮರುಗಬಾರದೇ? ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಯೋನ ಏನೆಂದನೋ ಬರೆದಿಲ್ಲ.

ಹೀಗೆ ನಿಲ್ಲಿಸುವುದು ನಿಮಗೆ ಕಷ್ಟವೆನಿಸಿದರೆ ಆಶ್ಚರ್ಯವಿಲ್ಲ. ಯೆಹೂದ್ಯರು ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ ಮಧ್ಯಾಹ್ನ ಇಡೀ ಯೋನನನ್ನು ಓದಿ, ಅದರ ಬಾಲಕ್ಕೆ ಪ್ರವಾದಿ ಮೀಕನ ಗ್ರಂಥದ 7:18-20 ಸೇರಿಸುತ್ತಾರೆ. ಪಾಪಗಳನ್ನೆಲ್ಲ ಸಮುದ್ರದ ಆಳಕ್ಕೆ ಎಸೆಯುವ ದೇವರ ಮಾತು ಅಲ್ಲಿದೆ. ನೀವೂ ಆ ಮೂರು ವಚನ ಓದಿ ತರಗತಿ ಬಿಡಬಹುದು, ಆದರೆ ಪ್ರಶ್ನೆ ಕೇಳಿದ ಕೂಡಲೇ ಅಲ್ಲ. ಎರಡು ನಿಮಿಷ ಹಾಗೇ ಬಿಡಿ.

ಒಂದು ಎಚ್ಚರಿಕೆ: ಎಲೆ ಮಾತ್ರ ತನ್ನಿ, ಕಾಯಿಗೊಂಚಲು ಬೇಡ. ಹರಳು ಬೀಜ ವಿಷ, ಮಕ್ಕಳು ಬಾಯಿಗೆ ಹಾಕಿಕೊಂಡಾರು. ಎಲೆ ಮುಟ್ಟಿದವರೂ ಕೈ ತೊಳೆಯಲಿ.

— ಸಂಪಾದಕ