ಆಪ್ತಸಲಹೆ ಪ್ರಕರಣ: ಸೂತಕ ಕಳೆಯುವ ಮೊದಲೇ ಗರ್ಭಗುಡಿಗೆ ಮರಳಿದ ಅರ್ಚಕರು

(ಗುರುತು ಸಿಗದಂತೆ ವಯಸ್ಸು, ಊರು, ದೇವಸ್ಥಾನದ ವಿವರ ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ಮೂವತ್ತೈದರ ಆಸುಪಾಸಿನ ಅರ್ಚಕರು. ಕರ್ನಾಟಕದಲ್ಲಿ ಆಗಮ ಪಾಠ ಮುಗಿಸಿ, ಅಮೆರಿಕದ ಒಂದು ದೇವಸ್ಥಾನದಲ್ಲಿ, ಧಾರ್ಮಿಕ ಸೇವೆಯವರಿಗೆ ಕೊಡುವ ಆರ್-1 ವೀಸಾದ ಮೇಲೆ ನಾಲ್ಕನೇ ವರ್ಷದ ಸೇವೆಯಲ್ಲಿದ್ದಾರೆ. ಹೆಂಡತಿ, ಮಗು ಜೊತೆಗಿದ್ದಾರೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಬಾಲ್ಯದಿಂದ ಬಾಯಿಗೆ ಬರುತ್ತಿದ್ದ ಸಹಸ್ರನಾಮ ನಡುವೆ ತಪ್ಪುತ್ತದೆ. ಮಂಗಳಾರತಿ ಎತ್ತಿದಾಗ ಕೈ ನಡುಗುತ್ತದೆ. "ನನ್ನ ಕೈಯ ಪೂಜೆ ದೇವರಿಗೆ ಬೇಡವಾಗಿದೆ" ಎಂಬುದು ಅವರ ನಂಬಿಕೆ. ಅವರಿಗೆ ಶ್ರದ್ಧೆ ಕಡಿಮೆಯಾಗಿದೆ ಎಂಬುದು ಆಡಳಿತ ಮಂಡಳಿಯ ದೂರು.

ಎರಡನೇ ಭೇಟಿಯಲ್ಲಿ ಮೂಲ ಸಿಕ್ಕಿತು. ಐದು ತಿಂಗಳ ಹಿಂದೆ ಊರಿನಲ್ಲಿ ತಂದೆ ತೀರಿಕೊಂಡಿದ್ದರು. ಇವರ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಆಗಲೇ ಮುಗಿದಿತ್ತು. ಎಲ್ಲಿಯವರೆಗೆ ಉಳಿಯಬಹುದೆಂದು ಹೇಳುವ ಐ-94 ದಾಖಲೆಯ ಪ್ರಕಾರ ಅಲ್ಲಿ ಉಳಿಯಲು ಅಡ್ಡಿಯಿಲ್ಲ, ಆದರೆ ದೇಶ ಬಿಟ್ಟರೆ ದೂತಾವಾಸದಲ್ಲಿ ಹೊಸ ಮುದ್ರೆ ಪಡೆಯದೆ ಮರಳುವಂತಿಲ್ಲ. ಹಾಗಾಗಿ ಹೋಗಲಿಲ್ಲ, ಕರ್ಮವನ್ನು ಅಣ್ಣ ಮಾಡಿದರು. ಹತ್ತು ದಿನದ ಆಶೌಚದಲ್ಲಿ (ಸಾವಿನ ಸೂತಕ) ಮೂರು ದಿನ ಕಳೆದಿತ್ತಷ್ಟೆ, ನಾಲ್ಕನೆಯದು ಶನಿವಾರ. ಕಲ್ಯಾಣೋತ್ಸವಕ್ಕೆ ಹಣ ಕಟ್ಟಿಸಿಕೊಂಡಾಗಿತ್ತು, ಬೇರೆ ಅರ್ಚಕರಿರಲಿಲ್ಲ. "ಸ್ನಾನ ಮಾಡಿ ಬಂದುಬಿಡಿ, ಭಟ್ಟರೇ" ಎಂದರು ಮಂಡಳಿಯವರು. ಇವರು ಹೋಗಿ ಮೂರ್ತಿಯನ್ನು ಮುಟ್ಟಿದರು. ಆಮೇಲೆ ಯಾರೊಡನೆಯೂ ಆ ಮಾತು ಎತ್ತಲಿಲ್ಲ.

ಎಲ್ಲಕ್ಕಿಂತ ಮೊದಲು ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲಾಯಿತು. ಇರಲಿಲ್ಲ. ಇದ್ದಿದ್ದರೆ ಅಮೆರಿಕದಲ್ಲಿ ಹಗಲು ರಾತ್ರಿ ಸಿಗುವ ಆತ್ಮಹತ್ಯೆ ತಡೆ ಸಹಾಯವಾಣಿ 988ರ ದಾರಿ. ಪಾಸ್‌ಪೋರ್ಟ್ ಯಾರ ಬಳಿ ಇದೆ ಎಂಬ ಪ್ರಶ್ನೆಯನ್ನೂ ಇಂಥ ಪ್ರಕರಣದಲ್ಲಿ ಬಿಡಬಾರದು. ಅದನ್ನು ಕಿತ್ತಿಟ್ಟುಕೊಂಡು ಹೆದರಿಸಿ ದುಡಿಸುತ್ತಿದ್ದರೆ ವಿಷಯ ಆಪ್ತಸಲಹೆಯನ್ನು ಮೀರುತ್ತದೆ. ಮಾನವ ಸಾಗಣೆ ತಡೆ ಸಹಾಯವಾಣಿ 1-888-373-7888ಕ್ಕೆ ಕರೆ ಮಾಡಬೇಕು. ಇವರ ಪಾಸ್‌ಪೋರ್ಟ್ ಇವರ ಬಳಿಯೇ ಇತ್ತು. ಕೈನಡುಕ ಇರುವುದರಿಂದ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಗೆ ವೈದ್ಯರ ಬಳಿ ಕಳಿಸಲಾಯಿತು.

ಆಶೌಚದ ವಿಷಯದಲ್ಲಿ ಆಪ್ತಸಲಹೆಗಾರರು ಎಡವುವುದು "ಅದೆಲ್ಲ ಏನೂ ಆಗೋದಿಲ್ಲ ಬಿಡಿ" ಎಂದು ಸಮಾಧಾನ ಹೇಳಿದಾಗ. ಅರ್ಚಕರ ಮಟ್ಟಿಗೆ ಆಗಿರುವುದು ನಿಜವಾದ ಲೋಪ. ಅದನ್ನು ಅಲ್ಲಗಳೆದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಅಷ್ಟೆ. ಪ್ರಾಯಶ್ಚಿತ್ತ ಏನೆಂದು ಹೇಳುವುದು ನಮ್ಮ ಕೆಲಸವೂ ಅಲ್ಲ. ಪಾಠ ಹೇಳಿದ ಗುರುಗಳಿಗೆ ನಡೆದದ್ದನ್ನು ಇದ್ದಂತೆ ತಿಳಿಸಲು ಹೇಳಲಾಯಿತು. ಗುರುಗಳು ಪುಣ್ಯಾಹ, ಸಂಪ್ರೋಕ್ಷಣೆ ಎಂಬ ಶುದ್ಧಿಕರ್ಮಗಳನ್ನೂ ಜಪವನ್ನೂ ವಿಧಿಸಿದರು. ಅದಾದ ಮೇಲೆಯೇ ಅಪ್ಪನ ಬಗ್ಗೆ ಅತ್ತು ಮಾತಾಡಲು ಅವರಿಗೆ ಸಾಧ್ಯವಾಯಿತು. ವರ್ಷಾಬ್ದಿಕವನ್ನು (ವರ್ಷ ತುಂಬಿದಾಗಿನ ಶ್ರಾದ್ಧ) ತಾವೇ ಮಾಡಬೇಕೆಂಬ ಆಸೆಗೆ ಈಗಲೇ ರಜೆ ಬರೆದಿಡಲು ಸೂಚಿಸಲಾಯಿತು. ಶ್ರಾದ್ಧಕ್ಕೆ ಅಪರಾಹ್ಣದ, ಅಂದರೆ ಮಧ್ಯಾಹ್ನ ಕಳೆದ ಹೊತ್ತಿನ, ತಿಥಿ ಬೇಕು. ಅಮೆರಿಕದ ಗಡಿಯಾರ ಹಿಂದಿರುವುದರಿಂದ ಅದು ಅಲ್ಲಿ ಊರಿನ ತಾರೀಖಿಗಿಂತ ಒಂದು ದಿನ ಮೊದಲೇ ಬೀಳಬಹುದು. ಸ್ಥಳೀಯ ಪಂಚಾಂಗ ನೋಡಿಯೇ ರಜೆ ಕೇಳಬೇಕು.

ಮಂತ್ರ ಮರೆಯುವುದಕ್ಕೆ ಇನ್ನೊಂದು ಕಾರಣ ದಿನಚರಿಯಲ್ಲಿತ್ತು. ಎರಡು ವಾರ ಎದ್ದದ್ದು, ನಿಂತದ್ದು, ಪ್ರಯಾಣ, ಫೋನು ಎಲ್ಲ ಬರೆದಿಡಲು ಹೇಳಿದಾಗ ವಾರಕ್ಕೆ ಎಪ್ಪತ್ತು ಗಂಟೆ ದಾಟಿತು. ದೇವಸ್ಥಾನ ಬೆಳಿಗ್ಗೆ ಮತ್ತು ಸಂಜೆ ತೆರೆಯುತ್ತದೆ. ನಡುವಿನ ಹೊತ್ತಿಗೆ ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಕಾರಿನ ಪೂಜೆ. ರಾತ್ರಿ ಹನ್ನೊಂದಕ್ಕೂ ಮುಹೂರ್ತ ಕೇಳುವ ಕರೆ. ಅಭಿಷೇಕ ಮುಗಿಯುವ ತನಕ ಬರಿಹೊಟ್ಟೆ, ರಾತ್ರಿ ಹತ್ತಕ್ಕೆ ಹೊಟ್ಟೆತುಂಬ ಊಟ. ನಿದ್ದೆಗೆಟ್ಟ ತಲೆಯಿಂದ ಕಂಠಪಾಠವೂ ಜಾರಬಹುದು. ಎರಡು ತಿಂಗಳು ಗ್ರಂಥ ಮುಂದಿಟ್ಟುಕೊಂಡೇ ಓದುವುದು, ರಾತ್ರಿ ಊಟ ಎಂಟರೊಳಗೆ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಂತೆ, ಮುಹೂರ್ತದ ಕರೆಗಳಿಗೆ ದಿನಕ್ಕೆ ಒಂದೇ ಗಂಟೆ. ಇಷ್ಟನ್ನು ಅವರು ಪಾಲಿಸಿದರು.

ಮಂಡಳಿಯೊಡನೆ ಮಾತಿಗೆ ಕೂರುವ ಮುನ್ನ ಒಂದು ಎಚ್ಚರಿಕೆ ಕೊಡಲೇಬೇಕಿತ್ತು: ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಕೆಲಸ ಹೋದ ಎಚ್-1ಬಿ (ಪರಿಣತ ವೃತ್ತಿಗಳ ವೀಸಾ) ನೌಕರರಿಗೆ ಸಿಗುವ 60 ದಿನಗಳವರೆಗಿನ ಕಾಲಾವಕಾಶ ಆರ್-1ಗೆ ಇಲ್ಲ. ಬಿಟ್ಟ 14 ದಿನದೊಳಗೆ ದೇವಸ್ಥಾನವು ವಲಸೆ ಇಲಾಖೆಗೆ ತಿಳಿಸಬೇಕು. ಬೇರೆ ದೇವಸ್ಥಾನ ಸೇರುವುದಾದರೆ ಆ ದೇವಸ್ಥಾನ ಇವರಿಗಾಗಿ ಹಾಕಿದ ಅರ್ಜಿ ಮಂಜೂರಾದ ಮೇಲೆಯೇ ಅಲ್ಲಿ ಕೆಲಸ.

ಮಂಡಳಿಗೆ ಕೊಟ್ಟದ್ದು ಒಂದೇ ಪುಟದ ಪತ್ರ. ದೂರು ಇಲ್ಲ, ಮೂರು ಕೋರಿಕೆ. ಜನ ಕಡಿಮೆ ಬರುವ ಮಂಗಳವಾರ ಪೂರ್ತಿ ರಜೆ. ವಾರಾಂತ್ಯದಲ್ಲಿ ದಿನಕ್ಕೆ ಎರಡೇ ಮನೆಪೂಜೆ, ಅದೂ ದೇವಸ್ಥಾನದ ರಸೀದಿಯ ಮೇಲೆ. ಆರ್-1ನಲ್ಲಿರುವವರು ತಮಗಾಗಿ ಅರ್ಜಿ ಹಾಕಿದ ಸಂಸ್ಥೆಗೆ ಮಾತ್ರ ದುಡಿಯಬಹುದಾದ್ದರಿಂದ ಇದು ಅವರಿಗೇ ರಕ್ಷಣೆ, ದಕ್ಷಿಣೆ, ತಟ್ಟೆಕಾಸಿನ ಗುಮಾನಿಯೂ ತಪ್ಪುತ್ತದೆ. ಮೂರನೆಯದು, ಸೂತಕಕ್ಕೆ ಪೂರ್ತಿ ದಿನಗಳ ರಜೆ ಮತ್ತು ಬದಲಿ ಪುರೋಹಿತರ ಪಟ್ಟಿ. ಪಕ್ಕದೂರಿನ ಆರ್-1 ಅರ್ಚಕರನ್ನು ಸುಮ್ಮನೆ ಕರೆಸುವಂತಿಲ್ಲ. ಗ್ರೀನ್‌ಕಾರ್ಡ್ ಅಥವಾ ಪೌರತ್ವ ಇರುವವರನ್ನೇ ಹುಡುಕಿಡಬೇಕು. ಮೊದಲ ಮತ್ತು ಮೂರನೆಯದಕ್ಕೆ ಒಪ್ಪಿದರು. ಎರಡನೆಯದು ಇನ್ನೂ ಮಾತುಕತೆಯಲ್ಲಿದೆ.

ಹೆಂಡತಿಯೊಡನೆ ಪ್ರತ್ಯೇಕವಾಗಿ ಮಾತಾಡಿದ್ದು ಒಳ್ಳೆಯದಾಯಿತು. ಆರ್-1ನವರ ಹೆಂಡತಿ, ಮಕ್ಕಳಿಗೆ ಸಿಗುವ ಆರ್-2ನಲ್ಲಿ ಅವರು ದುಡಿಯುವಂತಿಲ್ಲ, ಆದರೂ ದೇವಸ್ಥಾನದ ಅಡುಗೆಮನೆಯಲ್ಲಿ ನಿತ್ಯ ನೈವೇದ್ಯ, ಪ್ರಸಾದದ ಕೆಲಸ ಅವರ ಮೇಲೇ ಬಿದ್ದಿತ್ತು. ಓದಲು ಆರ್-2ನಲ್ಲಿ ಅಡ್ಡಿಯಿಲ್ಲ. ಈಗ ಬೆಳಗಿನ ಹೊತ್ತು ಇಂಗ್ಲಿಷ್ ತರಗತಿಗೆ ಸೇರಿದ್ದಾರೆ.

ಆರನೇ ಭೇಟಿಯ ಹೊತ್ತಿಗೆ ನಿದ್ದೆ ಆರು ಗಂಟೆಗೆ ಬಂದಿದೆ, ನಡುಕ ತಗ್ಗಿದೆ. ಉಳಿದಿರುವ ಚಿಂತೆ ಆರ್-1ರ ಐದು ವರ್ಷದ ಮಿತಿಯದು. ಗ್ರೀನ್‌ಕಾರ್ಡಿನ ಐ-360 ಅರ್ಜಿಗೆ ಮಂಡಳಿಯ ಸಹಿ, ದಾಖಲೆ ಬೇಕು. ದೇವಸ್ಥಾನದ ವಕೀಲರು ದೇವಸ್ಥಾನದ ಹಿತ ನೋಡುತ್ತಾರೆ; ತಮ್ಮದೇ ವಲಸೆ ವಕೀಲರನ್ನು ಒಮ್ಮೆ ಹಣ ಕೊಟ್ಟಾದರೂ ಈ ತಿಂಗಳಲ್ಲೇ ಕಾಣಲು ಅವರಿಗೆ ತಿಳಿಸಲಾಗಿದೆ.